ಉಜ್ಜಿದ ಜಾಗ

ಕಡಬದ ಕೆರೆ ಕೆಳಗಿನ ಗದ್ದೆ ಬದುವಿನಲ್ಲಿ ನಿಂತಿದ್ದ ವೀರಗಲ್ಲನ್ನು ತುಮಕೂರಿನ ಮ್ಯೂಸಿಯಂಗೆ ಸಾಗಿಸಿದ್ದು ತೊಂಬತ್ತೈದನೇ ಇಸವಿಯ ಬೇಸಿಗೆಯಲ್ಲಿ. ಕಾಲುವೆ ಅಗಲ ಮಾಡುವ ಕೆಲಸ ಶುರುವಾಗಿತ್ತು. ಬುಲ್ಡೋಜರಿಗೆ ಸಿಕ್ಕಿ ಕಲ್ಲು ಪುಡಿಯಾದೀತು ಎಂದು ಊರಿನ ಮೇಷ್ಟ್ರೊಬ್ಬರು ತಿಳಿಸಿದ್ದರಿಂದ ಮ್ಯೂಸಿಯಂನವರು ಲಾರಿ ತೆಗೆದುಕೊಂಡು ಹೋದರು. ಇಂಥ ಕಡೆ ಊರವರು ತಕರಾರು ತೆಗೆಯುವುದು ಮಾಮೂಲು. ಆದರೆ ಗದ್ದೆಯ ಯಜಮಾನ ಬೆಟ್ಟಯ್ಯ ತಲೆಗೆ ಸುತ್ತಿದ ಟವಲನ್ನೂ ಸಡಿಲಿಸದೆ, "ತಕೊಂಡೋಗಿ ಸಾ. ನಮಗ್ಯಾಕೆ ಅದು" ಎಂದುಬಿಟ್ಟ.

ಲಾರಿಯ ಜೊತೆ ಹೋಗಿದ್ದವಳು ತ್ರಿವೇಣಿ. ಮ್ಯೂಸಿಯಂನಲ್ಲಿ ಅವಳು ಸಹಾಯಕಿ. ಕಲ್ಲುಗಳನ್ನು ತೊಳೆಯುವುದು, ಅವುಗಳ ಮುಂದೆ ಹೆಸರಿನ ಪಟ್ಟಿ ಬರೆದು ಇಡುವುದು, ಒದ್ದೆ ಕಾಗದ ಹೊಚ್ಚಿ ಮಸಿ ತಟ್ಟಿ ಪಡಿಯಚ್ಚು ತೆಗೆಯುವುದು ಅವಳ ಕೆಲಸ. ಮದುವೆಯಾಗಿ ಬಟವಾಡಿಯಲ್ಲಿ ಬಾಡಿಗೆ ಮನೆ ಹಿಡಿದು ಆಗಲೇ ಕೆಲವು ವರ್ಷಗಳಾಗಿದ್ದವು. ಉಗುರಿನ ಸಂದಿಯ ಮಸಿ ಹೋಗದೆ, ಅಡುಗೆ ಮಾಡುವಾಗ ಗಂಡನ ಕೈಲಿ ತಮಾಷೆ ಮಾಡಿಸಿಕೊಳ್ಳುತ್ತಿದ್ದಳು.

ಕಲ್ಲಿಗೆ ಹಗ್ಗ ಬಿಗಿಯುತ್ತಿದ್ದಾಗ ತೋಟದ ಕಡೆಯಿಂದ ಒಬ್ಬ ಹೆಂಗಸು ಏದುಸಿರು ಬಿಡುತ್ತಾ ಓಡಿಬಂದಳು. ಬೆಟ್ಟಯ್ಯನ ಹೆಂಡತಿ ಸಿದ್ದಲಕ್ಷ್ಮಮ್ಮ. ಗಂಡನ ಕಡೆ ನೋಡದೆ ನೇರ ತ್ರಿವೇಣಿಯ ಹತ್ತಿರ ಬಂದಳು.

"ಅವ್ವಾ, ಕಲ್ಲು ಎಲ್ಲಾದ್ರೂ ಇರ್ಲಿ. ವರ್ಸಕ್ಕೊಂದು ದಪ, ಮಾಲಯ ಅಮಾಸೆ ದಿನ, ನಾನು ಬಂದು ಉಜ್ಜಿ ಹೋಗ್ಬೇಕು. ಬುಡ್ತೀರಾ?"

"ಏನನ್ನ ಉಜ್ಜಬೇಕಮ್ಮಾ?"

ಸಿದ್ದಲಕ್ಷ್ಮಮ್ಮ ಮುಖವನ್ನು ಬೇರೆ ಕಡೆ ತಿರುಗಿಸಿ, ಕಲ್ಲನ್ನು ನೋಡದೆಯೇ, ಕೈ ಚಾಚಿ ಒಂದು ಜಾಗದ ಮೇಲೆ ಇಟ್ಟಳು. "ಇಲ್ಲಿ."

ಬಳಪದ ಕಲ್ಲಿನ ಆಳೆತ್ತರದ ಚಪ್ಪಡಿ ಅದು. ಮೇಲಿನ ಪಟ್ಟಿಕೆಯಲ್ಲಿ ಸತ್ತ ವೀರನನ್ನು ಇಬ್ಬರು ಅಪ್ಸರೆಯರು ಎತ್ತಿಕೊಂಡು ಹೋಗುತ್ತಿದ್ದರು. ನಡುವಿನದರಲ್ಲಿ ಅವನು ಕತ್ತಿ ಹಿಡಿದು ತುರುಗಳ್ಳರ ಜೊತೆ ಕಾದುತ್ತಿದ್ದ. ಅವನ ಬೆನ್ನ ಹಿಂದೆ, ಒಬ್ಬ ಮನುಷ್ಯ ನಿಲ್ಲಬಹುದಾದಷ್ಟು ಜಾಗ ಖಾಲಿ. ಕಲ್ಲಿನ ಉಳಿದ ಭಾಗವೆಲ್ಲ ಒರಟಾಗಿದ್ದರೆ ಆ ಜಾಗ ಮಾತ್ರ ಅರೆಯುವ ಕಲ್ಲಿನ ಹೊಟ್ಟೆಯ ಹಾಗೆ ನುಣುಪಾಗಿತ್ತು.

ಆ ಮನೆಗೆ ಸೊಸೆಯಾಗಿ ಬಂದ ಹೆಂಗಸರು ತಲೆತಲಾಂತರದಿಂದ ಪಿತೃಪಕ್ಷದ ಅಮಾವಾಸ್ಯೆಯಂದು ಕೆರೆಯ ಮರಳು, ತೆಂಗಿನ ನಾರು ತಂದು ಆ ಜಾಗವನ್ನು ಉಜ್ಜುತ್ತಿದ್ದರಂತೆ. ಕಣ್ಣು ಮುಚ್ಚಿಕೊಂಡು ಉಜ್ಜಬೇಕು. ಗಂಡಸರು ಹತ್ತಿರ ಸುಳಿಯಬಾರದು. ಯಾಕೆ ಎಂದು ಕೇಳಿದ್ದಕ್ಕೆ ಸಿದ್ದಲಕ್ಷ್ಮಮ್ಮ, "ನಮ್ಮತ್ತೆ ಉಜ್ಜೋರು, ಅವರತ್ತೆ ಉಜ್ಜೋರು. ಅಲ್ಲಿ ಕಾಣಬಾರದೋನು ಒಬ್ಬ ಅವ್ನೆ ಅಂತಿದ್ರು. ನಮ್ಗೆ ಅಷ್ಟೇ ಗೊತ್ತು" ಎಂದಳು.

ಆಗಿದ್ದ ಅಧಿಕಾರಿ ನಕ್ಕು, "ಬರ್ಲಿ ಬಿಡ್ರಿ, ವರ್ಷಕ್ಕೊಂದು ಸಲ ತಾನೇ" ಎಂದರು. ಹಾಗೆ ಎರಡು ವರ್ಷ ಆಕೆ ಗುಬ್ಬಿಗೆ ಬಂದು ಬಸ್ಸು ಬದಲಾಯಿಸಿ, ಶಿರಾ ಗೇಟಿನಲ್ಲಿ ಇಳಿದು, ಸೆರಗಿನಲ್ಲಿ ಮರಳು ಕಟ್ಟಿಕೊಂಡು ಬಂದು ಉಜ್ಜಿ ಹೋದಳು.

ಆಮೇಲೆ ಆ ಅಧಿಕಾರಿಗೆ ವರ್ಗವಾಯಿತು. ಹೊಸದಾಗಿ ಬಂದ ಸೀತಾರಾಮಯ್ಯನವರು ಓದಿಕೊಂಡವರು, ಶಿಸ್ತಿನವರು. ಏಳುನೂರು ವರ್ಷದ ಕಲ್ಲಿಗೆ ಮರಳು ಹಾಕಿ ಉಜ್ಜುತ್ತಾರೆ ಎಂದು ಕೇಳಿಯೇ ಅವರ ಕನ್ನಡಕ ಮೂಗಿನ ಮೇಲಿಂದ ಜಾರಿತು. "ಪೂಜೆ ಮಾಡ್ಲಿ, ಹೂವು ಇಡ್ಲಿ, ಬೇಡ ಅನ್ನಲ್ಲ. ಉಜ್ಜೋದು ಮಾತ್ರ ಕೂಡದು" ಎಂದರು. ಆ ಮಾತನ್ನು ಗೇಟಿನಲ್ಲಿ ಹೋಗಿ ಹೇಳುವ ಪಾಡು ತ್ರಿವೇಣಿಗೆ ಬಂತು.

ಸಿದ್ದಲಕ್ಷ್ಮಮ್ಮ ಜಗಳ ಆಡಲಿಲ್ಲ. ಹೊಂಗೆ ಮರದ ಬುಡಕ್ಕೆ ಹೋಗಿ ಸೆರಗು ಬಿಚ್ಚಿ ಮರಳು ಕೊಡವಿದಳು. "ಹಂಗಾದ್ರೆ ಅದರ ಮುಂದೆ ಜಾಸ್ತಿ ಹೊತ್ತು ನಿಲ್ಬೇಡ ಕಣವ್ವಾ" ಎಂದು ಹೇಳಿ ಬಸ್ ಸ್ಟ್ಯಾಂಡ್ ಕಡೆ ನಡೆದಳು.

ಇದಾಗಿ ಎರಡು ವರ್ಷ ಏನೂ ನಡೆಯಲಿಲ್ಲ, ಅಥವಾ ಯಾರೂ ಗಮನಿಸಲಿಲ್ಲ. ತೊಂಬತ್ತೊಂಬತ್ತರಲ್ಲಿ ಜಿಲ್ಲೆಯ ವೀರಗಲ್ಲುಗಳ ಬಗ್ಗೆ ಒಂದು ಪುಸ್ತಕ ತರಬೇಕೆಂದು ಸೀತಾರಾಮಯ್ಯನವರು ಎಲ್ಲ ಕಲ್ಲುಗಳ ಪಡಿಯಚ್ಚು ಹೊಸದಾಗಿ ತೆಗೆಸಿದರು. ಕಡಬದ ಕಲ್ಲಿನ ಸರದಿ ಬಂದಾಗ ತ್ರಿವೇಣಿ ಒದ್ದೆ ಕಾಗದ ಹೊಚ್ಚಿ, ಬ್ರಷ್ಷಿನಿಂದ ಬಡಿದು ಕೂರಿಸಿ, ಅದು ಆರುತ್ತಾ ಬಂದ ಮೇಲೆ ಮಸಿ ತಟ್ಟಿದಳು. ಕಲ್ಲಿನಲ್ಲಿ ತಗ್ಗಿದ್ದ ಕಡೆ ಕಾಗದ ಬೆಳ್ಳಗೆ ಉಳಿಯುತ್ತದೆ, ಮಟ್ಟಸವಾಗಿದ್ದ ಕಡೆ ಕಪ್ಪಾಗುತ್ತದೆ. ನುಣುಪು ಜಾಗ ಪೂರ್ತಿ ಕಪ್ಪಾಗಬೇಕಿತ್ತು. ಆದರೆ ಅದರ ತಳದಲ್ಲಿ ಬಿಳಿ ಗೆರೆ ಮೂಡಿತು. ಎರಡು ಪಾದ. ಬೆರಳುಗಳು ವೀರನ ಹಿಮ್ಮಡಿಯ ಕಡೆ ತಿರುಗಿದ್ದವು.

ಕಾಗದ ಸುಕ್ಕಾಗಿರಬೇಕು ಎಂದು ಅದನ್ನು ಕಿತ್ತು ಇನ್ನೊಂದು ಹೊಚ್ಚಿದಳು. ಮತ್ತೆ ಪಾದಗಳು. ಬೀರುವಿನಿಂದ ತೊಂಬತ್ತೈದರ ಪಡಿಯಚ್ಚು ತೆಗೆದು ಬಿಡಿಸಿದಳು. ಅದರಲ್ಲಿ ಆ ಜಾಗ ಕಾಡಿಗೆಯ ಹಾಗೆ ಕಪ್ಪಗಿತ್ತು.

ಸೀತಾರಾಮಯ್ಯನವರು ಎರಡನ್ನೂ ಮೇಜಿನ ಮೇಲೆ ಹಾಸಿ ನೋಡಿದರು. "ಉಜ್ಜಿ ಉಜ್ಜಿ ಅಳಿಸಿಹೋಗಿತ್ತು ಅಂದ್ರೆ ಒಪ್ಪೋಣ ತ್ರಿವೇಣಿ. ಉಜ್ಜದೇ ಹೋದ್ರೆ ಮೂಡುತ್ತೆ ಅಂದ್ರೆ ಹೇಗೆ? ನಿಮ್ಮ ಹಳೇದು ಸರಿಯಾಗಿ ಕೂತಿರಲ್ಲ, ಅಷ್ಟೇ." ಹಾಗೆಂದರೂ ಎದ್ದುಹೋಗಿ ಕಲ್ಲಿನ ಮುಂದೆ ನಿಂತು, ಬೆರಳಿನಿಂದ ಆ ಪಾದಗಳನ್ನು ಮುಟ್ಟಿ ನೋಡಿದರು. ಕೈ ತಕ್ಷಣ ಹಿಂದಕ್ಕೆ ಬಂತು. ಕರ್ಚೀಫಿನಿಂದ ಬೆರಳು ಒರೆಸಿಕೊಂಡರು. ಮಾರನೇ ದಿನದಿಂದ ಅವರು ಹಿಂದಿನ ಬಾಗಿಲಿನಿಂದ ತಮ್ಮ ರೂಮಿಗೆ ಹೋಗತೊಡಗಿದರು.

ಆ ಕಲ್ಲಿನಲ್ಲಿ ಎರಡು ಸಾಲಿನ ಶಾಸನವೂ ಇತ್ತು. ದನಗಳನ್ನು ಬಿಡಿಸಿ ತಂದು ತಮ್ಮ ಸತ್ತನೆಂದೂ ಅವನ ಅಣ್ಣ ಈ ಕಲ್ಲನ್ನು ನಿಲ್ಲಿಸಿದನೆಂದೂ ಅದರ ಅರ್ಥ. ತ್ರಿವೇಣಿ ಅದನ್ನು ಎಷ್ಟೋ ಸಲ ಓದಿದ್ದಳು. ಈಗ ಅಣ್ಣ ಎಂಬಲ್ಲಿಗೆ ಬಂದರೆ ಓದು ನಿಲ್ಲಿಸಿ ವೀರನ ಬೆನ್ನ ಹಿಂದಿನ ಪಾದಗಳನ್ನು ನೋಡುತ್ತಿದ್ದಳು.

ಚಳಿಗಾಲ ಕಳೆಯುವಷ್ಟರಲ್ಲಿ ಮೊಣಕಾಲು, ಸೊಂಟ ಮೂಡಿದವು. ಆಮೇಲೆ ಬಲಗೈ. ಕೈಯಲ್ಲಿ ಗಿಡ್ಡ ಕತ್ತಿ. ದಿನದಿನಕ್ಕೆ ನೋಡಿದರೆ ಗೊತ್ತಾಗುತ್ತಿರಲಿಲ್ಲ. ಎರಡು ದಿನ ರಜೆ ಹಾಕಿ ಬಂದರೆ ಗೊತ್ತಾಗುತ್ತಿತ್ತು. ಉರಿಬಿಸಿಲಿನ ಮಧ್ಯಾಹ್ನಗಳಲ್ಲಿ ಆ ಕೋಣೆಯಲ್ಲಿ ಕೆರೆಯ ಕೆಸರಿನ ವಾಸನೆ ಬರುತ್ತಿತ್ತು. ಕಲ್ಲಿನ ಬುಡದಲ್ಲಿ ನೆಲ ಒದ್ದೆಯಾಗುತ್ತಿತ್ತು. ಕಸ ಗುಡಿಸುವ ಗುಂಡಯ್ಯ ಅದನ್ನು ಒರೆಸುವಾಗ ಹಿಮ್ಮುಖವಾಗಿ ಸರಿಯುತ್ತಾ ಬರುತ್ತಿದ್ದ, ಕಲ್ಲಿಗೆ ಬೆನ್ನು ಕೊಡುತ್ತಿರಲಿಲ್ಲ.

"ಅವ್ನು ಮುಂದ್ಲೋನ ಬೆನ್ನೇ ನೋಡ್ತಾ ನಿಂತವ್ನೆ ಮೇಡಂ" ಎಂದ ಒಂದು ದಿನ. "ಮಖ ಇನ್ನೂ ಬಂದಿಲ್ಲ. ಆದ್ರೂ ನೋಡ್ತಾ ಅವ್ನೆ."

ಆ ಬೇಸಿಗೆಯಲ್ಲೇ ಒಬ್ಬ ಮನುಷ್ಯ ಮ್ಯೂಸಿಯಂಗೆ ಬರತೊಡಗಿದ. ನಲವತ್ತರ ಆಸುಪಾಸು, ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ರೆಕ್ಸಿನ್ ಬ್ಯಾಗು. ಟಿಕೆಟ್ ತೆಗೆದುಕೊಂಡು ಬೇರೆ ಯಾವುದನ್ನೂ ನೋಡದೆ ಆ ಕಲ್ಲಿನ ಮುಂದೆ ನಿಲ್ಲುತ್ತಿದ್ದ. ವಾರಕ್ಕೊಮ್ಮೆ ಬರುತ್ತಿದ್ದವನು ಬರಬರುತ್ತಾ ದಿನ ಬಿಟ್ಟು ದಿನ ಬಂದ. ತ್ರಿವೇಣಿ ಮಾತಾಡಿಸಿದಾಗ ಬೆಚ್ಚಿಬಿದ್ದ. ಬೆಟ್ಟಯ್ಯನ ದೊಡ್ಡ ಮಗ ದಯಾನಂದ, ಗುಬ್ಬಿಯ ಒಂದು ಆಫೀಸಿನಲ್ಲಿ ಗುಮಾಸ್ತ. ತಮ್ಮ ರವೀಶ್ ಕುಣಿಗಲ್‌ನಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ ಇಟ್ಟಿದ್ದಾನೆ ಎಂದ.

"ಇಲ್ಲಿಗೆ ಯಾಕೆ ಬರ್ತೀನೋ ನಂಗೇ ಗೊತ್ತಿಲ್ಲ ಮೇಡಂ. ಆಫೀಸ್‌ಗೆ ಅಂತ ಹೊರಡ್ತೀನಿ, ಕಾಲು ತುಮಕೂರು ಬಸ್ ಹತ್ತುತ್ತೆ."

"ಮನೇಲಿ ಏನಾದ್ರೂ ತೊಂದರೆನಾ?"

"ಏನೂ ಇಲ್ಲ. ಅದೇ ಮತ್ತೆ." ಅವನು ಬ್ಯಾಗನ್ನು ಎದೆಗೆ ಅವಚಿಕೊಂಡ. "ತಮ್ಮನ ಕಂಡ್ರೆ ನಂಗೆ ಪ್ರಾಣ ಮೇಡಂ. ಎತ್ತಿ ಆಡಿಸಿದೀನಿ ಅವನ್ನ. ಹೋದ್ ವಾರ ಊರಿಗೆ ಬಂದಿದ್ದ. ಊಟಕ್ಕೆ ಬಗ್ಗಿ ಕೂತಿದ್ದ, ನಾನು ಹಿಂದುಗಡೆ ನೀರು ತಕೊಂಡು ಬಂದೆ. ಅವನ ಕತ್ತು ನೋಡ್ತಾ ಎಷ್ಟು ಹೊತ್ತು ನಿಂತಿದ್ನೋ. ನನ್ನ ಹೆಂಡತಿ ಕೂಗಿದಾಗ ಎಚ್ಚರ ಆಯ್ತು."

ತ್ರಿವೇಣಿ, ಇನ್ನು ಇಲ್ಲಿಗೆ ಬರಬೇಡಿ ಎಂದಳು. ಅವನು ತಲೆಯಾಡಿಸಿದ. ಎರಡು ದಿನ ಬಿಟ್ಟು ಮತ್ತೆ ಬಂದ.

ಶ್ರಾವಣದ ಒಂದು ಬೆಳಿಗ್ಗೆ ಗುಂಡಯ್ಯ ಗ್ಯಾಲರಿಯ ಬೀಗ ತೆಗೆದವನೇ ಹೊರಗೆ ಬಂದು ಮೆಟ್ಟಿಲ ಮೇಲೆ ಕುಳಿತುಬಿಟ್ಟಿದ್ದ. ತ್ರಿವೇಣಿ ಒಬ್ಬಳೇ ಒಳಗೆ ಹೋದಳು. ಮುಖ ಬಂದಿತ್ತು. ವೀರನ ಮುಖ ಮಳೆಗಾಳಿಗೆ ಸವೆದು ಬರೀ ಉಬ್ಬಾಗಿ ಉಳಿದಿದ್ದರೆ ಹಿಂದಿನವನದು ನಿನ್ನೆ ಕೆತ್ತಿದ ಹಾಗಿತ್ತು. ಪಕ್ಕದಿಂದ ಕಾಣುವ ಮುಖ. ಉದ್ದ ಮೂಗು, ಒಳಸೇರಿದ ಗಲ್ಲ, ತುಸು ತೆರೆದ ಬಾಯಿ. ರೆಕ್ಸಿನ್ ಬ್ಯಾಗು ಹಿಡಿದು ಅದೇ ಜಾಗದಲ್ಲಿ ನಿಲ್ಲುತ್ತಿದ್ದ ಮನುಷ್ಯನದೇ ಮುಖ.

ಅವಳು ಅರ್ಧ ದಿನ ರಜೆ ಹಾಕಿ ಗುಬ್ಬಿ ಬಸ್ಸು ಹತ್ತಿದಳು. ಅಲ್ಲಿ ಬಸ್ಸು ಬದಲಾಯಿಸಿ, ಕಡಬದಲ್ಲಿ ಇಳಿದು ವಿಚಾರಿಸಿಕೊಂಡು ಹೋದಾಗ ಸಿದ್ದಲಕ್ಷ್ಮಮ್ಮ ಹಿತ್ತಲಿನಲ್ಲಿ ಹುಣಸೆಹಣ್ಣು ಬಡಿಯುತ್ತಾ ಕುಳಿತಿದ್ದಳು. ಮುಂದಿನ ಜಗಲಿಯಲ್ಲಿ ಬೆಟ್ಟಯ್ಯ ಗೋಡೆಗೆ ಒರಗಿ ತೂಕಡಿಸುತ್ತಿದ್ದ.

ತ್ರಿವೇಣಿಯನ್ನು ಕಂಡದ್ದೇ ಸಿದ್ದಲಕ್ಷ್ಮಮ್ಮ ಕೈಲಿದ್ದ ಕೊಡತಿಯನ್ನು ಕೆಳಗಿಟ್ಟಳು. ಕುಳಿತುಕೋ ಎನ್ನಲಿಲ್ಲ, ನೀರು ಬೇಕಾ ಎನ್ನಲಿಲ್ಲ.

"ಬಂದವ್ನಾ?"

"ಬಂದಿದ್ದಾನಮ್ಮಾ."

"ಮಖ?"

"ಅದೂ ಬಂದಿದೆ."

ಆಕೆ ಜಗಲಿಯ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದಳು. "ದೊಡ್ಡೋನೋ, ಚಿಕ್ಕೋನೋ?"

ತ್ರಿವೇಣಿ, ಮುಖ ಸರಿಯಾಗಿ ತಿಳಿಯಲಿಲ್ಲ ಎಂದು ಹೇಳೋಣ ಎಂದುಕೊಂಡಿದ್ದಳು, ಬಸ್ಸಿನಲ್ಲಿ ಅದನ್ನೇ ಮನಸ್ಸಿನಲ್ಲಿ ಹೇಳಿಕೊಳ್ಳುತ್ತಾ ಬಂದಿದ್ದಳು. ಆದರೆ ಹೆತ್ತವಳು ಮುಖಕ್ಕೆ ಮುಖ ಕೊಟ್ಟು ಕೇಳುತ್ತಿದ್ದಾಗ ಸುಳ್ಳು ಹೊರಡಲಿಲ್ಲ.

"ದೊಡ್ಡವರು" ಎಂದಳು.

ಸಿದ್ದಲಕ್ಷ್ಮಮ್ಮ ಹುಣಸೆಬೀಜಗಳನ್ನು ಮೊರಕ್ಕೆ ಬಳಿದು ಎದ್ದಳು. "ಮಾಲಯ ಅಮಾಸೆ ತಂಕ ಕಾದ್ರೆ ನನ್ನ ಮಕ್ಳು ನಂಗೆ ಸಿಕ್ಕಲ್ಲ. ನಾಳೇನೇ ಬತ್ತೀನಿ. ನೀನು ಬಾಗ್ಲು ತೆಗೀತೀಯೋ, ನಾನು ಬೀಗ ಒಡೀಲೋ?"

ಮಾರನೇ ದಿನ ಮ್ಯೂಸಿಯಂಗೆ ವಾರದ ರಜೆ. ಅಂದು ಸಂಜೆಯೇ ತ್ರಿವೇಣಿ ಸೀತಾರಾಮಯ್ಯನವರ ಮನೆಗೆ ಹೋಗಿ ಎಲ್ಲವನ್ನೂ ಹೇಳಿದಳು. ಬೈಯುತ್ತಾರೆ ಎಂದುಕೊಂಡಿದ್ದಳು. ಅವರು ಒಳಗೆ ಹೋಗಿ ಬೀಗದ ಕೈ ತಂದು ಅವಳ ಮುಂದಿಟ್ಟರು.

"ನಾನು ನಾಳೆ ಕುಣಿಗಲ್‌ಗೆ ಕ್ಯಾಂಪ್ ಹೋಗ್ತಿದೀನಿ. ಇಲ್ಲಿ ಏನಾಯ್ತು ಅಂತ ನಂಗೆ ಗೊತ್ತಿಲ್ಲ, ನೀವು ಹೇಳೋದೂ ಬೇಡ" ಎಂದರು. ಬಾಗಿಲವರೆಗೆ ಬಂದು, "ಅವತ್ತು ಮುಟ್ಟಿದ್ನಲ್ಲ, ಬೆಚ್ಚಗಿತ್ತು ಕಣ್ರೀ" ಎಂದು ಸೇರಿಸಿದರು.

ಬೆಳಿಗ್ಗೆ ಹತ್ತರ ಸುಮಾರಿಗೆ ಸಿದ್ದಲಕ್ಷ್ಮಮ್ಮ ಬಂದಳು. ತಲೆಗೆ ನೀರು ಹಾಕಿಕೊಂಡು ಒದ್ದೆ ಜಡೆಯಲ್ಲೇ ಬಂದಿದ್ದಳು. ಗುಂಡಯ್ಯ ಬಾಗಿಲು ತೆರೆದು ಕೊಟ್ಟು ರಸ್ತೆಯಾಚೆಯ ಟೀ ಅಂಗಡಿಗೆ ಹೋಗಿಬಿಟ್ಟ. ಬೆಳಕಿಂಡಿಗಳಿಂದ ಬಿಸಿಲು ಒಳಗೆ ಬಿದ್ದಿತ್ತು. ಸಿದ್ದಲಕ್ಷ್ಮಮ್ಮ ಹೊಸ್ತಿಲಲ್ಲೇ ಕಣ್ಣು ಮುಚ್ಚಿಕೊಂಡಳು. ತ್ರಿವೇಣಿ ಕೈ ಹಿಡಿದು ಕಲ್ಲಿನವರೆಗೆ ನಡೆಸಿದಳು.

ಆಕೆ ಮಂಡಿಯೂರಿ, ಮರಳು ಹಚ್ಚಿದ ನಾರಿನಿಂದ ಪಾದಗಳಿಂದ ಶುರುಮಾಡಿದಳು. ಕರಕರ ಸದ್ದು. ಬೂದಿ ಬಣ್ಣದ ಹುಡಿ ನೆಲಕ್ಕೆ ಬೀಳುತ್ತಿತ್ತು. ಮೊಣಕಾಲು, ಸೊಂಟ, ಕತ್ತಿ ಹಿಡಿದ ಕೈ. ಹಿಂದಿನ ವರ್ಷಗಳಲ್ಲಿ ಆಕೆಗೆ ಉಜ್ಜಲು ಸಿಗುತ್ತಿದ್ದದ್ದು ಬರೀ ನುಣುಪು ಕಲ್ಲು. ಈಗ ಅಂಗೈ ಕೆಳಗೆ ಒಬ್ಬ ಮನುಷ್ಯನ ಮೈ ಸಿಗುತ್ತಿತ್ತು. ಆಕೆಯ ತುಟಿ ಬಿಗಿದುಕೊಂಡಿತ್ತು. ಕತ್ತು ಮುಗಿಸಿ ಮುಖಕ್ಕೆ ಬಂದಾಗ ಕೈ ನಿಂತಿತು.

"ನನ್ನ ಮಗನ ಮಖ ಉಜ್ಜಾಕೆ ಕೈ ಬರಲ್ಲವ್ವಾ" ಎಂದಳು. ನಾರನ್ನು ಕೆಳಗಿಟ್ಟು, ಮಗುವನ್ನು ನೇವರಿಸುವ ಹಾಗೆ ಬೆರಳುಗಳಿಂದ ಹಣೆ ಸವರಿದಳು. ಹುಬ್ಬು, ಮೂಗು, ಗಲ್ಲ. ಬೆರಳು ಹಾಗೇ ಹಿಂದಕ್ಕೆ ಸರಿದು ಬಲಗಿವಿಗೆ ಹೋಯಿತು. ಕಿವಿಯ ಹಾಲೆಯನ್ನು ಎರಡು ಬೆರಳಲ್ಲಿ ಹಿಡಿದಳು. ಬಿಟ್ಟಳು. ಮತ್ತೆ ಹಿಡಿದಳು.

"ಇವ್ನು ದಯಾನಂದ ಅಲ್ಲ."

"ಅಮ್ಮಾ?"

"ಕಿವಿ ಹರಿದೈತೆ ನೋಡು. ಎಲ್ಡು ಸೀಳು."

ತ್ರಿವೇಣಿ ಬಗ್ಗಿ ನೋಡಿದಳು. ಕಿವಿಯ ಹಾಲೆ ನಡುವೆ ಸೀಳಿಹೋಗಿತ್ತು. ಕಲ್ಲು ಚಕ್ಕೆ ಎದ್ದಿರಬೇಕೆಂದು ಅವಳು ಲಕ್ಷ್ಯ ಕೊಟ್ಟಿರಲಿಲ್ಲ.

"ನನ್ನ ಮಗನ ಕಿವಿ ನೆಟ್ಟಗವೆ" ಎಂದಳು ಸಿದ್ದಲಕ್ಷ್ಮಮ್ಮ, ಕಣ್ಣು ಮುಚ್ಚಿಕೊಂಡೇ. "ಚಿಕ್ಕ ವಯಸ್ನಾಗೆ ಹೋರಿ ಕೊಂಬಿಗೆ ಕಿವೀಗಿಕ್ಕಿದ್ದ ಕಡುಕು ಸಿಕ್ಕಿ ಹರಿದಿದ್ದು ಅವರಪ್ಪಂಗೆ. ಅಪ್ಪ ಮಗಂದು ಒಂದೇ ಮಖ. ಟವಲು ಸುತ್ಕೊಂಡಿರ್ತಾನೆ, ಕಿವಿ ಯಾರಿಗೂ ಕಾಣಲ್ಲ. ನಾನು ಈ ಕಿವಿ ಮುಟ್ಕೊಂಡೇ ನಲವತ್ತು ವರ್ಸ ಬಾಳುವೆ ಮಾಡಿವ್ನಿ."

ಕೆಸರಿನ ವಾಸನೆ ದಟ್ಟವಾಯಿತು. ಸಿದ್ದಲಕ್ಷ್ಮಮ್ಮ ಅಲ್ಲೇ ಕುಸಿದು ಕುಳಿತು, ಕಲ್ಲಿಗೆ ಬೆನ್ನು ಮಾಡಿ ಮಾತಾಡಿದಳು. ದನಿಯಲ್ಲಿ ಅಳು ಇರಲಿಲ್ಲ.

"ನಂಗೊಬ್ಬ ಮೈದ ಇದ್ದ, ಅಂಜನಪ್ಪ ಅಂತ. ನಮ್ಮೆಜಮಾನ್ರ ಸ್ವಂತ ತಮ್ಮ. ಅತ್ಗೆಮ್ಮಾ ಅಂತ ಹಿಂದಿಂದೇ ಸುತ್ತೋನು. ನಾನು ದಯಾನಂದನ್ನ ಹೆತ್ತು ತೌರಲ್ಲಿ ಬಾಣಂತಿಯಾಗಿದ್ದಾಗ ಕೆರೇಗೆ ಬಿದ್ದು ಹೋಗ್ಬುಟ್ಟ. ಈಜು ಬರೋನು ಹೆಂಗೆ ಮುಳುಗ್ದ ಅಂತ ಊರೆಲ್ಲಾ ಆಡ್ಕೊಂತು. ಆ ವರ್ಸ ನಾನಿರ್ಲಿಲ್ಲ, ಅತ್ತೆ ಜ್ವರ ಬಂದು ಮಲಗಿದ್ರು. ಕಲ್ಲು ಉಜ್ಜೋರೇ ಇರ್ಲಿಲ್ಲ ಕಣವ್ವಾ."

ತ್ರಿವೇಣಿ ಆಕೆಯ ಹೆಗಲ ಮೇಲೆ ಕೈ ಇಟ್ಟಳು. ಸಿದ್ದಲಕ್ಷ್ಮಮ್ಮ ಅದನ್ನು ನಿಧಾನವಾಗಿ ಸರಿಸಿ, ತಿರುಗಿ ನಾರು ಎತ್ತಿಕೊಂಡಳು. ಈ ಸಲ ಕೈ ನಿಲ್ಲಲಿಲ್ಲ. ಮೂಗು, ಬಾಯಿ, ಕಿವಿ ಎಲ್ಲವನ್ನೂ ಎರಡೂ ಕೈಯಿಂದ ಒತ್ತಿ ಒತ್ತಿ ಉಜ್ಜಿದಳು. ಬಾಯಿಯ ಮೇಲೆ ನಾರು ಆಡಿದಾಗ ಕಲ್ಲಿನೊಳಗಿಂದ ಒಂದು ಸದ್ದು ಬಂತು. ಗುಳುಕ್ ಗುಳುಕ್ ಎಂದು, ನೀರು ಕುಡಿಯುತ್ತಾ ಮುಳುಗುವವನ ಗಂಟಲಿನ ಸದ್ದು. ತ್ರಿವೇಣಿ ಗೋಡೆಗೆ ಅಂಟಿಕೊಂಡು ಕಿವಿ ಮುಚ್ಚಿಕೊಂಡಳು. ಸಿದ್ದಲಕ್ಷ್ಮಮ್ಮ ಮಾತ್ರ, "ಆಯ್ತು ಕಣಪ್ಪಾ, ಆಯ್ತು ಅಂಜನಪ್ಪಾ" ಎನ್ನುತ್ತಾ ಉಜ್ಜುತ್ತಲೇ ಇದ್ದಳು. ಸದ್ದು ನಿಂತಾಗ ಆ ಜಾಗ ನುಣ್ಣಗಾಗಿತ್ತು.

ಹೊರಗೆ ನಲ್ಲಿಯಲ್ಲಿ ಕೈ ತೊಳೆದುಕೊಂಡು ಆಕೆ ಕಣ್ಣು ಬಿಟ್ಟಳು. ಬೆರಳ ತುದಿಗಳಲ್ಲಿ ಚರ್ಮ ಸುಲಿದು ರಕ್ತ ಜಿನುಗುತ್ತಿತ್ತು. ಗುಬ್ಬಿ ಬಸ್ಸಿಗೆ ಹತ್ತಿಸಲು ಹೋದ ತ್ರಿವೇಣಿಗೆ, "ಕುಣಿಗಲ್ ಬಸ್ಸು ಎಲ್ಲಿ ನಿಲ್ತದೆ?" ಎಂದು ಕೇಳಿದಳು. ಉಟ್ಟ ಸೀರೆಯಲ್ಲೇ ಚಿಕ್ಕ ಮಗನ ಮನೆಗೆ ಹೋದವಳು ಮತ್ತೆ ಕಡಬಕ್ಕೆ ಸಂಸಾರ ಮಾಡಲು ಹೋಗಲಿಲ್ಲ. ಯಾಕೆಂದು ಮಕ್ಕಳಿಗೆ ಹೇಳಲಿಲ್ಲ. ವಯಸ್ಸಾದ ಮೇಲೆ ಇದೇನು ಮುನಿಸು ಎಂದು ಅವರು ಹೇಳಿ ಹೇಳಿ ಸುಮ್ಮನಾದರು. ದಯಾನಂದ ಒಮ್ಮೆ ಬಂದು ಖಾಲಿ ಜಾಗವನ್ನು ನೋಡಿ, "ತಲೆ ಮೇಲಿದ್ದ ಮೂಟೆ ಇಳಿಸಿದಂಗೈತೆ ಮೇಡಂ" ಎಂದು ನಕ್ಕು ಹೋದ. ಆಮೇಲೆ ಅವನು ಆ ಕಡೆ ತಲೆ ಹಾಕಲಿಲ್ಲ.

ದೀಪಾವಳಿ ಕಳೆದ ಮೇಲೆ ಬೆಟ್ಟಯ್ಯ ಬಂದ. ಕೋಲೂರಿಕೊಂಡು ನೇರ ಕಲ್ಲಿನ ಹತ್ತಿರ ನಡೆದು, ನುಣುಪು ಜಾಗದ ಮೇಲೆ ಅಂಗೈ ಇಟ್ಟ. ತ್ರಿವೇಣಿ ಸ್ವಲ್ಪ ದೂರದಲ್ಲಿ ನಿಂತಳು.

"ಇಲ್ಯಾವನೋ ಬಂದು ನಿಂತಿದ್ನಂತೆ. ಮಗ ಅಂದ."

"ಈಗ ಯಾರೂ ಇಲ್ಲ."

"ಅವ್ಳು ನೋಡುದ್ಲಾ?"

"ಇಲ್ಲ. ಕಣ್ಣು ಮುಚ್ಚಿಕೊಂಡಿದ್ರು."

ಮುದುಕ ಉಸಿರು ಬಿಟ್ಟ. ಕೋಲು ತಿರುಗಿಸಿ ಹೊರಡಲು ಎರಡು ಹೆಜ್ಜೆ ಇಟ್ಟವನು ನಿಂತ. ಕತ್ತು ಹೊರಳಿಸದೆ ಕೇಳಿದ, "ಮುಟ್ಟುದ್ಲಾ?"

ಉತ್ತರಕ್ಕೆ ಕಾಯದೆ ಬೆಟ್ಟಯ್ಯ ಟವಲನ್ನು ಬಲಗಿವಿಯ ಮೇಲೆ ಎಳೆದುಕೊಂಡು, ಬಾಗಿಲ ಪಕ್ಕದ ಬೆಂಚಿನ ಮೇಲೆ ಕುಳಿತ. ಮ್ಯೂಸಿಯಂ ಮುಚ್ಚುವವರೆಗೂ ಅಲ್ಲೇ ಇದ್ದ. ಗುಂಡಯ್ಯನೇ ಕೈ ಹಿಡಿದು ಗುಬ್ಬಿ ಬಸ್ಸು ಹತ್ತಿಸಿ ಬಂದ.

ಆತ ಶಿವರಾತ್ರಿ ಹೊತ್ತಿಗೆ ಮನೆಯಲ್ಲೇ ಮಲಗಿದ್ದ ಕಡೆ ತೀರಿಕೊಂಡ. ಸಿದ್ದಲಕ್ಷ್ಮಮ್ಮ ಕುಣಿಗಲ್‌ನಿಂದ ಬಂದು, ತಿಥಿಯವರೆಗೂ ಇದ್ದು ಮಾಡಬೇಕಾದ್ದೆಲ್ಲ ಮಾಡಿ ಹೋದಳಂತೆ.

ಮಹಾಲಯ ಅಮಾವಾಸ್ಯೆಗೆ ಆಕೆ ಮ್ಯೂಸಿಯಂಗೆ ಬಂದಾಗ ಜೊತೆಯಲ್ಲಿ ದಯಾನಂದನ ಹೆಂಡತಿ ಇದ್ದಳು. ಸೀತಾರಾಮಯ್ಯನವರು ತಾವೇ ಎದ್ದು ಬಂದು ಬಾಗಿಲು ತೆಗೆಸಿಕೊಟ್ಟು ಹೊರಗೆ ನಿಂತರು. ಸೊಸೆ ಸೆರಗು ಸಿಕ್ಕಿಸಿ ಕಲ್ಲಿನ ಮುಂದೆ ಕುಳಿತು, ಹೇಗೆ ಮಾಡಬೇಕು ಎಂದು ಅತ್ತೆಯ ಮುಖ ನೋಡಿದಳು.

"ಕಣ್ಣು ಮುಚ್ಕೊ" ಎಂದಳು ಸಿದ್ದಲಕ್ಷ್ಮಮ್ಮ. "ನಾರು ಕೈಯಿಂದ ಬುಡಬೇಡ. ಬೇಗ ಬೇಗ ಉಜ್ಜು. ಬೆರಳಾಕಿ ಏನನ್ನೂ ತಡಕಾಕೆ ಹೋಗ್ಬೇಡ ಕಣವ್ವಾ."